ಆಟದ ಅವಧಿ ಮತ್ತು ಕರುಳಿನ ಉರಿಯೂತವಿರುವ ವಿದ್ಯಾರ್ಥಿ

(ಆರೋಗ್ಯ ಮತ್ತು ದೈಹಿಕ ಶಿಕ್ಷಣ: ಪ್ರೌಢಶಾಲಾ ಅಧ್ಯಾಪಕರಿಗಾಗಿ)

ದೈಹಿಕ ಶಿಕ್ಷಣದ ಅವಧಿಯಲ್ಲಿ ಮೈದಾನದ ಅಂಚಿನ ಮರದಡಿ ಕುಳಿತಿರುವ ವಿದ್ಯಾರ್ಥಿಗಳು ಎಲ್ಲ ಶಾಲೆಗಳಲ್ಲಿಯೂ ಒಬ್ಬಿಬ್ಬರಿರುತ್ತಾರೆ. ಕಾಲು ಉಳುಕಿದವರು, ಜ್ವರದಿಂದ ಎದ್ದು ಬಂದವರು ನಾಲ್ಕಾರು ದಿನಗಳಲ್ಲಿ ಆಟಕ್ಕೆ ಮರಳುತ್ತಾರೆ. ಜೂನ್ ತಿಂಗಳಲ್ಲಿ ಅಲ್ಲಿ ಕುಳಿತವರು ಮಾರ್ಚ್ ತಿಂಗಳಲ್ಲಿಯೂ ಅಲ್ಲಿಯೇ ಉಳಿದಿದ್ದರೆ ಅಧ್ಯಾಪಕರು ಕಾರಣವನ್ನು ವಿಚಾರಿಸಬೇಕಾಗುತ್ತದೆ. ಹೀಗೆ ವರ್ಷವಿಡೀ ಮರದಡಿ ಉಳಿಯುವವರಲ್ಲಿ ದೀರ್ಘಕಾಲದ ಕಾಯಿಲೆಯುಳ್ಳ ಮಕ್ಕಳೂ ಸೇರಿರುತ್ತಾರೆ. ಆಸ್ತಮಾ, ಮಧುಮೇಹ, ಹೃದಯದ ತೊಂದರೆ ಇವುಗಳ ಕುರಿತು ಶಾಲೆಗಳಲ್ಲಿ ಈಗ ಒಂದಿಷ್ಟು ತಿಳಿವಳಿಕೆಯಿದೆ. ಕರುಳಿನ ಉರಿಯೂತದ ಕಾಯಿಲೆಯ ಕುರಿತು ಅಷ್ಟಿಲ್ಲ. ಇರುವ ಅಲ್ಪ ತಿಳಿವಳಿಕೆಯೂ "ಈ ಮಗುವನ್ನು ಓಡಿಸಬಾರದು" ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಈ ತೀರ್ಮಾನವು ದಯೆಯಿಂದ ಹುಟ್ಟಿದ್ದಾದರೂ ಬಹುಮಟ್ಟಿಗೆ ತಪ್ಪಾದುದು. ಕಾಯಿಲೆ ಹತೋಟಿಯಲ್ಲಿರುವಾಗ ಆ ಮಗುವಿಗೆ ಆಟವು ಉಳಿದವರಿಗಿಂತ ಹೆಚ್ಚು ಅಗತ್ಯ. ಕಾಯಿಲೆ ಕೆರಳಿರುವಾಗ ವಿಶ್ರಾಂತಿ ಅಗತ್ಯ. ಇವೆರಡು ಸ್ಥಿತಿಗಳನ್ನು ಬೇರ್ಪಡಿಸಿ ನೋಡಲು ಅಧ್ಯಾಪಕರಿಗೆ ನೆರವಾಗುವುದೇ ಈ ಪಾಠದ ಉದ್ದೇಶ.

ಕಾಯಿಲೆಯ ಪರಿಚಯ

ಕರುಳಿನ ಉರಿಯೂತದ ಕಾಯಿಲೆ (ಐ.ಬಿ.ಡಿ.) ಎಂಬುದು ಮುಖ್ಯವಾಗಿ ಎರಡು ಕಾಯಿಲೆಗಳಿಗೆ ಇಟ್ಟ ಒಟ್ಟು ಹೆಸರು. ಒಂದು ಅಲ್ಸರೇಟಿವ್ ಕೊಲೈಟಿಸ್. ಇದು ಗುದನಾಳದಿಂದ ಆರಂಭವಾಗಿ ದೊಡ್ಡಕರುಳಿನ ಒಳಪದರದಲ್ಲಿ ಮೇಲ್ಮುಖವಾಗಿ ಹಬ್ಬಿ ಹುಣ್ಣುಗಳನ್ನುಂಟುಮಾಡುತ್ತದೆ. ಇನ್ನೊಂದು ಕ್ರೋನ್ಸ್ ಕಾಯಿಲೆ. ಇದು ಬಾಯಿಯಿಂದ ಗುದದ್ವಾರದವರೆಗೆ ಜೀರ್ಣನಾಳದ ಯಾವ ಭಾಗದಲ್ಲಾದರೂ ಅಲ್ಲಲ್ಲಿ ಬಿಟ್ಟು ಬಿಟ್ಟು ಕಾಣಿಸಿಕೊಳ್ಳಬಹುದು. ಕರುಳಿನ ಗೋಡೆಯ ಪೂರ್ತಿ ದಪ್ಪಕ್ಕೆ ಇಳಿಯಬಹುದು. ನ್ಯೂಯಾರ್ಕಿನ ವೈದ್ಯ ಬರಿಲ್ ಕ್ರೋನ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು 1932ರಲ್ಲಿ ವಿವರಿಸಿದ ಕಾರಣ ಇದಕ್ಕೆ ಆ ಹೆಸರು ನಿಂತಿತು. ರೋಗಾಣುಗಳೊಡನೆ ಹೋರಾಡಬೇಕಾದ ರೋಗನಿರೋಧಕ ವ್ಯವಸ್ಥೆಯು ತನ್ನ ಕರುಳಿನ ಮೇಲೆಯೇ ತಿರುಗಿ ಬೀಳುವುದರಿಂದ ಉರಿಯೂತ ಮುಂದುವರಿಯುತ್ತದೆ. ಆದುದರಿಂದ ಇದು ಅಂಟುರೋಗವಲ್ಲ. ಒಂದೇ ಬೆಂಚಿನಲ್ಲಿ ಕುಳಿತರೆ, ಒಂದೇ ತಟ್ಟೆಯಲ್ಲಿ ಉಂಡರೆ ಹರಡುವುದಿಲ್ಲ. ಈ ಒಂದು ವಾಕ್ಯವನ್ನು ತರಗತಿಯಲ್ಲಿ ಎರಡು ಬಾರಿ ಹೇಳಿದರೂ ಹೆಚ್ಚಾಗದು.

ಸಾಮಾನ್ಯವಾಗಿ 15ರಿಂದ 35ರ ವಯಸ್ಸಿನ ನಡುವೆ ಕಾಯಿಲೆ ಮೊದಲು ಕಾಣಿಸಿಕೊಳ್ಳುತ್ತದೆ. ಅದಕ್ಕಿಂತ ಚಿಕ್ಕವರಲ್ಲಿಯೂ ಕಾಣಿಸಿಕೊಳ್ಳುವುದುಂಟು. ವಾರಗಟ್ಟಲೆ ನಿಲ್ಲದ ಭೇದಿ, ಮಲದಲ್ಲಿ ರಕ್ತ ಮತ್ತು ಲೋಳೆ, ಹೊಟ್ಟೆನೋವು, ತಡೆಯಲಾಗದ ಶೌಚದ ಅವಸರ, ತೂಕ ಇಳಿಯುವುದು, ವಿಪರೀತ ಆಯಾಸ ಇವು ಮುಖ್ಯ ಲಕ್ಷಣಗಳು. ಕೆಲವರಲ್ಲಿ ಕೀಲುಗಳು ಊದಿಕೊಳ್ಳುತ್ತವೆ, ಕಣ್ಣು ಕೆಂಪಾಗಿ ನೋಯುತ್ತದೆ, ಬಾಯಲ್ಲಿ ಹುಣ್ಣುಗಳೇಳುತ್ತವೆ. ಮಕ್ಕಳಲ್ಲಿ ಇವೆಲ್ಲಕ್ಕೂ ಮೊದಲೇ ಕಾಣುವ ಲಕ್ಷಣವೊಂದಿದೆ: ಬೆಳವಣಿಗೆ ನಿಲ್ಲುವುದು. ಎಂಟನೆಯ ತರಗತಿಯಲ್ಲಿ ಸಾಲಿನ ನಡುವೆ ನಿಲ್ಲುತ್ತಿದ್ದ ಹುಡುಗ ಹತ್ತನೆಯ ತರಗತಿಗೆ ಬರುವಾಗ ಸಾಲಿನ ತುದಿಗೆ ಬಂದಿದ್ದರೆ ಅದನ್ನು ಮೊದಲು ಕಾಣುವವರು ಎತ್ತರಕ್ಕೆ ಅನುಸಾರವಾಗಿ ಸಾಲು ನಿಲ್ಲಿಸುವ ದೈಹಿಕ ಶಿಕ್ಷಣದ ಅಧ್ಯಾಪಕರೇ.

ಆಮಶಂಕೆ, ಮೂಲವ್ಯಾಧಿ, ಹುಳುವಿನ ಬಾಧೆ ಎಂದು ಭಾವಿಸಿ ಮನೆಮದ್ದಿನಲ್ಲಿ ತಿಂಗಳುಗಳು ಕಳೆದುಹೋಗುವುದು ನಮ್ಮ ಕಡೆ ಸಾಮಾನ್ಯ. ಕರುಳಿನ ಕ್ಷಯವೂ ಕ್ರೋನ್ಸ್ ಕಾಯಿಲೆಯೂ ನೋಟಕ್ಕೆ ಒಂದನ್ನೊಂದು ಬಹಳ ಹೋಲುವುದರಿಂದ ಭಾರತದಲ್ಲಿ ವೈದ್ಯರಿಗೂ ಇವನ್ನು ಬೇರ್ಪಡಿಸುವುದು ಸುಲಭವಲ್ಲ. ಕಾಯಿಲೆಯನ್ನು ಗುರುತಿಸುವುದು ಅಧ್ಯಾಪಕರ ಕೆಲಸವಲ್ಲ. ಆಸ್ಪತ್ರೆಗೆ ಹೋಗುವಂತೆ ರಕ್ಷಕರಿಗೆ ಹೇಳುವುದು ಅವರ ಕೆಲಸ.

ಈ ಕಾಯಿಲೆಗೆ ಶಾಶ್ವತ ಪರಿಹಾರವಿನ್ನೂ ದೊರೆತಿಲ್ಲ. ಔಷಧಗಳಿಂದ ಉರಿಯೂತವನ್ನು ಅಡಗಿಸಬಹುದು. ಅಡಗಿದ ಕಾಲವನ್ನು ಶಮನದ ಕಾಲವೆಂದೂ ಮತ್ತೆ ಕೆರಳಿದ ಕಾಲವನ್ನು ಉಲ್ಬಣದ ಕಾಲವೆಂದೂ ಕರೆಯುತ್ತಾರೆ. ಶಮನದ ಕಾಲವು ತಿಂಗಳುಗಳೇನು, ವರ್ಷಗಳಷ್ಟು ಉದ್ದವಿರಬಹುದು. ಆ ಕಾಲದಲ್ಲಿ ಮಗುವನ್ನು ನೋಡಿದವರಿಗೆ ಅದು ರೋಗಿಯೆಂದು ತಿಳಿಯುವುದೇ ಇಲ್ಲ. ಇಂತಹ ದಿನಗಳಲ್ಲಿಯೂ ಮಗುವನ್ನು ಮರದಡಿ ಕೂರಿಸಿದರೆ ಅದರಿಂದಾಗುವ ನಷ್ಟವೇನೆಂಬುದನ್ನು ಇನ್ನು ನೋಡಬೇಕು.

ಆಟ ಏಕೆ ಬೇಕು?

ಮೊದಲ ಕಾರಣ ಮೂಳೆ. ಮನುಷ್ಯನ ಮೂಳೆಗಳು ಜೀವಮಾನದಲ್ಲಿ ಪಡೆಯುವ ಗಟ್ಟಿತನದ ಬಹುಪಾಲನ್ನು ಹದಿಹರೆಯ ಮುಗಿಯುವುದರೊಳಗೆ ಪಡೆದುಕೊಳ್ಳುತ್ತವೆ. ಕರುಳಿನ ಉರಿಯೂತವುಳ್ಳ ಮಗುವಿನಲ್ಲಿ ಈ ಸಂಗ್ರಹಕ್ಕೆ ಮೂರು ಕಡೆಗಳಿಂದ ಅಡ್ಡಿಯುಂಟು. ಉರಿಯೂತವೇ ಮೂಳೆಯ ರಚನೆಯನ್ನು ಕುಂದಿಸುತ್ತದೆ. ಕರುಳು ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಇವುಗಳನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಉಲ್ಬಣವನ್ನು ತಗ್ಗಿಸಲು ಕೊಡುವ ಪ್ರೆಡ್ನಿಸೊಲೋನ್ ಮೊದಲಾದ ಸ್ಟೀರಾಯ್ಡ್ ಔಷಧಗಳು ದೀರ್ಘಕಾಲ ಬಳಸಿದಾಗ ಮೂಳೆಯನ್ನು ಸವೆಸುತ್ತವೆ. ಇದರ ಮೇಲೆ ವ್ಯಾಯಾಮವೂ ಇಲ್ಲವಾದರೆ ನಾಲ್ಕನೆಯ ಅಡ್ಡಿಯನ್ನು ಶಾಲೆಯೇ ಒಡ್ಡಿದಂತಾಗುತ್ತದೆ. ಮೈಭಾರವನ್ನು ಹೊತ್ತು ಮಾಡುವ ಚಲನೆ, ಅಂದರೆ ನಡಿಗೆ, ಓಟ, ಹಗ್ಗದಾಟ, ಮೆಟ್ಟಿಲು ಹತ್ತುವುದು, ಕುಂಟೆಬಿಲ್ಲೆ ಇವು ಮೂಳೆಯನ್ನು ಗಟ್ಟಿಗೊಳಿಸುತ್ತವೆ. ಈಜು ಒಳ್ಳೆಯ ವ್ಯಾಯಾಮವಾದರೂ ಮೂಳೆಯ ಮಟ್ಟಿಗೆ ನಡಿಗೆಯಷ್ಟು ಫಲ ನೀಡದು, ಏಕೆಂದರೆ ನೀರು ಮೈಭಾರವನ್ನು ತಾನೇ ಹೊರುತ್ತದೆ.

ಎರಡನೆಯದು ಸ್ನಾಯು. ಉಲ್ಬಣದ ವಾರಗಳಲ್ಲಿ ಹಾಸಿಗೆ ಹಿಡಿದ ಮಗು ತೂಕದೊಡನೆ ಸ್ನಾಯುವನ್ನೂ ಕಳೆದುಕೊಳ್ಳುತ್ತದೆ. ಊಟದಿಂದ ತೂಕ ಮರಳಬಹುದು. ಸ್ನಾಯು ಮರಳಬೇಕಾದರೆ ಅದಕ್ಕೆ ಕೆಲಸ ಕೊಡಬೇಕು. ಮೂರನೆಯದು ಮನಸ್ಸು. ತನ್ನ ದೇಹ ತನಗೆ ವಿಧೇಯವಲ್ಲವೆಂಬ ಭಾವನೆಯೊಡನೆ ಬೆಳೆಯುವ ಮಗುವಿಗೆ, ಒಂದು ಸುತ್ತು ಓಡಿ ಮುಗಿಸಿದ ದಿನದ ತೃಪ್ತಿ ಏನೆಂಬುದನ್ನು ಅಧ್ಯಾಪಕರಿಗೆ ವಿವರಿಸಬೇಕಾಗಿಲ್ಲ.

ವ್ಯಾಯಾಮದಿಂದ ಕಾಯಿಲೆ ಕೆರಳೀತೇ ಎಂಬುದು ರಕ್ಷಕರ ಮೊದಲ ಪ್ರಶ್ನೆ. ಕ್ರೋನ್ಸ್ ಕಾಯಿಲೆ ಶಮನಗೊಂಡಿದ್ದ ಕೆಲವರು ಒಂದು ಗಂಟೆಯ ಕಾಲ ಮಧ್ಯಮ ಶ್ರಮದ ವ್ಯಾಯಾಮ ಮಾಡಿದಾಗ ಅವರ ಕಾಯಿಲೆಗೆ ಕೇಡಾಗಲಿಲ್ಲವೆಂದು 1999ರಲ್ಲಿ ಇಟಲಿಯ ವೈದ್ಯರು ವರದಿ ಮಾಡಿದರು. ಅದೇ ವರ್ಷ ಕೆನಡಾದಲ್ಲಿ 12 ವಾರಗಳ ನಡಿಗೆಯ ಅಭ್ಯಾಸ ಮಾಡಿಸಿದ ಇನ್ನೊಂದು ಅಧ್ಯಯನದಲ್ಲಿಯೂ ಕಾಯಿಲೆ ಹೆಚ್ಚಲಿಲ್ಲ. ದೇಹದ ಕ್ಷಮತೆ ಮತ್ತು ಜೀವನದ ಗುಣಮಟ್ಟ ಸುಧಾರಿಸಿದವು. 2015ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು, ಶಮನದ ಕಾಲದಲ್ಲಿ ಹೆಚ್ಚು ವ್ಯಾಯಾಮ ಮಾಡುತ್ತಿದ್ದ ಕ್ರೋನ್ಸ್ ರೋಗಿಗಳಲ್ಲಿ ಆರು ತಿಂಗಳ ಬಳಿಕ ಕಾಯಿಲೆ ಮರುಕಳಿಸಿದ್ದು ಕಡಿಮೆ ಎಂದು ತೋರಿಸಿತು. ಇವು ವಯಸ್ಕರ ಮೇಲಿನ ಅಧ್ಯಯನಗಳು. ಮೊದಲೆರಡು ತೀರ ಚಿಕ್ಕವು. ವ್ಯಾಯಾಮವೇ ಕಾಯಿಲೆಯನ್ನು ತಡೆಯಿತೆಂದು ಇವುಗಳಿಂದ ಸಾಧಿಸಲಾಗದು. ಆದರೂ ಓಡಿದರೆ ಕರುಳು ಹುಣ್ಣಾಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲವೆಂದು ಹೇಳಲು ಇಷ್ಟು ಸಾಕು.

5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ದೈಹಿಕ ಚಟುವಟಿಕೆ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಕರುಳಿನ ಉರಿಯೂತವುಳ್ಳ ಮಗುವೂ ಶಮನದ ಕಾಲದಲ್ಲಿ ಈ ಗುರಿಯನ್ನು ತಲುಪಬಹುದು, ಆದರೆ ಮೊದಲ ವಾರದಲ್ಲಿಯೇ ಅಲ್ಲ.

ಆಡುವ ದಿನ, ಆಡದ ದಿನ

ವೈದ್ಯರ ಅನುಮತಿಯಿಲ್ಲದೆ ಆರಂಭಿಸಕೂಡದು. ಅನುಮತಿ ದೊರೆತ ಮೇಲೂ ಪ್ರತಿದಿನದ ನಿರ್ಣಯ ಶಾಲೆಯಲ್ಲಿಯೇ ಆಗಬೇಕಾಗುತ್ತದೆ. ವೈದ್ಯರ ಚೀಟಿ ಇಂದಿನ ಬೆಳಗ್ಗಿನ ಸ್ಥಿತಿಯನ್ನು ಹೇಳಲಾರದು. ಇದಕ್ಕಾಗಿ ಅಧ್ಯಾಪಕರೂ ವಿದ್ಯಾರ್ಥಿಯೂ ತಮ್ಮೊಳಗೆ ಮೂರು ಹಂತಗಳನ್ನು ಗೊತ್ತುಮಾಡಿಕೊಳ್ಳುವುದು ಉಪಯುಕ್ತ. ಒಂದು ಬೆರಳು ತೋರಿಸಿದರೆ ಪೂರ್ಣ ಆಟ. ಎರಡು ತೋರಿಸಿದರೆ ನಡಿಗೆ, ಲಘು ಅಂಗಸಾಧನೆ. ಮೂರು ತೋರಿಸಿದರೆ ಅಂಕ ಬರೆಯುವ, ವಿಸಿಲ್ ಊದುವ ಕೆಲಸ. ಎಲ್ಲರೆದುರು "ಇವತ್ತು ಹೊಟ್ಟೆ ಹೇಗಿದೆ?" ಎಂದು ಕೇಳುವುದಕ್ಕಿಂತ ಇದು ಮೇಲು. ಮೂರನೆಯ ಹಂತದಲ್ಲಿಯೂ ಮಗು ಗುಂಪಿನೊಳಗೇ ಇರುತ್ತದೆ, ಮರದಡಿಗೆ ಹೋಗುವುದಿಲ್ಲ ಎಂಬುದನ್ನು ಗಮನಿಸಬೇಕು.

ಜ್ವರವಿದ್ದರೆ, ಮಲದಲ್ಲಿ ರಕ್ತ ಹೋಗುತ್ತಿದ್ದರೆ, ರಾತ್ರಿ ಹಲವು ಬಾರಿ ಶೌಚಕ್ಕೆ ಎದ್ದಿದ್ದರೆ, ಎದ್ದು ನಿಂತಾಗ ತಲೆ ತಿರುಗಿದರೆ ಅಂದು ಆಟ ಬೇಡ. ರಕ್ತಹೀನತೆ ಈ ಮಕ್ಕಳಲ್ಲಿ ತೀರ ಸಾಮಾನ್ಯ. ಸ್ವಲ್ಪ ಓಡಿದೊಡನೆ ಏದುಸಿರು ಬಂದು ಎದೆ ಬಡಿದುಕೊಳ್ಳುವ ಮಗುವನ್ನು "ಅಭ್ಯಾಸವಿಲ್ಲ" ಎಂದು ಇನ್ನೆರಡು ಸುತ್ತು ಓಡಿಸುವುದು ಅಪಾಯಕರ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆ ಎಲ್ಲ ಮಕ್ಕಳಿಗೆ ಒಳ್ಳೆಯದಾದರೂ ಈ ಮಗುವಿಗೆ ಅದನ್ನು ಕೊಡಬೇಕೇ ಎಂದು ವೈದ್ಯರಲ್ಲಿ ಕೇಳಿಸಿಕೊಳ್ಳಬೇಕು. ಆ ಮಾತ್ರೆ ನುಂಗಿದ ಬಳಿಕ ಮಲ ಕಪ್ಪಾಗುವುದು ಸಹಜ, ಅದನ್ನು ರಕ್ತವೆಂದು ತಿಳಿದು ಗಾಬರಿಯಾಗಬೇಕಾಗಿಲ್ಲ ಎಂಬುದನ್ನೂ ಹೇಳಿಡಬಹುದು.

ಆಟದ ನಡುವೆ ಕೂಡಲೇ ನಿಲ್ಲಿಸಿ ಆಸ್ಪತ್ರೆಗೆ ಕರೆದೊಯ್ಯಬೇಕಾದ ಸಂದರ್ಭಗಳು ಕೆಲವಿವೆ. ಹೊಟ್ಟೆ ಉಬ್ಬಿ, ಹಿಂಡಿದಂತೆ ನೋವು ಬಂದು ವಾಂತಿಯಾಗುವುದು ಕರುಳಿನ ದಾರಿ ಕಟ್ಟಿಕೊಂಡಿರುವುದರ ಸೂಚನೆಯಾಗಿರಬಹುದು. ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವ ಮಗುವಿಗೆ ಒಮ್ಮಿಂದೊಮ್ಮೆಗೆ ಬೆನ್ನಿನ ನಡುವೆ ಚುಚ್ಚುವ ನೋವು ಬಂದರೆ ಬೆನ್ನುಮೂಳೆಗೆ ಪೆಟ್ಟಾಗಿರುವ ಸಾಧ್ಯತೆಯುಂಟು. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ಉಳುಕೆಂದು ತಿಕ್ಕಬಾರದು. ಈ ಕಾಯಿಲೆಯಲ್ಲಿ ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚು.

ಅವಧಿಯೊಳಗಿನ ಯೋಜನೆ

ಶ್ರಮದ ಪ್ರಮಾಣವನ್ನು ಅಳೆಯಲು ಉಪಕರಣಗಳು ಬೇಕಿಲ್ಲ. ಚಟುವಟಿಕೆಯ ನಡುವೆ ಮಗು ಮಾತನಾಡಬಲ್ಲುದು, ಆದರೆ ಹಾಡಲಾರದು ಎಂದಾದರೆ ಅದು ಮಧ್ಯಮ ಶ್ರಮ. ನಾಲ್ಕು ಪದ ಹೇಳುವಷ್ಟರಲ್ಲಿ ಉಸಿರು ಕಟ್ಟಿದರೆ ಅದು ತೀವ್ರ ಶ್ರಮ. ಉಲ್ಬಣದಿಂದ ಚೇತರಿಸಿಕೊಂಡ ಮಗುವಿಗೆ ಮೊದಲ ಎರಡು ವಾರ ಹತ್ತು ಹದಿನೈದು ನಿಮಿಷಗಳ ನಡಿಗೆ ಸಾಕು. ಬಳಿಕ ವಾರಕ್ಕೆ ಐದು ನಿಮಿಷಗಳಂತೆ ಹೆಚ್ಚಿಸುತ್ತ, ನಡಿಗೆಯ ನಡುವೆ ಚಿಕ್ಕ ಓಟಗಳನ್ನು ಸೇರಿಸುತ್ತ ಬರಬಹುದು. ಯೋಗಾಸನಗಳೂ ಒಳ್ಳೆಯವೇ; ಆದರೆ ಹೊಟ್ಟೆಯನ್ನು ಬಲವಾಗಿ ಒತ್ತುವ, ಒಳಗೆಳೆದು ಹಿಡಿಯುವ ಕ್ರಿಯೆಗಳನ್ನು ಹೊಟ್ಟೆನೋವಿರುವಾಗ ಮಾಡಿಸಬಾರದು. ಮೊಣಕಾಲು, ಹರಡು ಊದಿಕೊಂಡಿರುವ ದಿನಗಳಲ್ಲಿ ಓಟ ಮತ್ತು ಜಿಗಿತಗಳನ್ನು ಬಿಟ್ಟು ಕೈ ಭುಜಗಳ ಅಭ್ಯಾಸಕ್ಕೆ ತಿರುಗಿಸಬೇಕು.

ಕ್ರೋನ್ಸ್ ಕಾಯಿಲೆಯುಳ್ಳ ಕೆಲವರಿಗೆ ಗುದದ್ವಾರದ ಬಳಿ ಕುರು, ನಾಳಹುಣ್ಣು ಇರುತ್ತವೆ. ಅಂತಹವರಿಗೆ ಗಟ್ಟಿನೆಲದ ಮೇಲೆ ಕೂರುವುದು, ಸೈಕಲ್ ತುಳಿಯುವುದು ಹಿಂಸೆ. ಅಸೆಂಬ್ಲಿಯಲ್ಲಿ ನೆಲದ ಮೇಲೆ ಕೂರಲೊಪ್ಪದ ಮಗುವನ್ನು ಅಶಿಸ್ತಿನದೆಂದು ಗದರಿಸುವ ಮೊದಲು ಒಂದು ಕ್ಷಣ ಯೋಚಿಸಬೇಕಾದುದು ಈ ಕಾರಣಕ್ಕೆ. ತಡವಾಗಿ ಬಂದುದಕ್ಕೆ ಬಸ್ಕಿ ಹೊಡೆಸುವುದು, ಮೈದಾನಕ್ಕೆ ಸುತ್ತು ಹಾಕಿಸುವುದು ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಯಾವ ಮಗುವಿಗೂ ಸಲ್ಲದು. ಬೆಳಿಗ್ಗೆ ನಾಲ್ಕು ಬಾರಿ ಶೌಚಕ್ಕೆ ಹೋಗಿ ಬಸ್ಸು ತಪ್ಪಿಸಿಕೊಂಡು ಬಂದ ಮಗುವಿಗಂತೂ ಅದು ಕ್ರೌರ್ಯವೇ ಸರಿ.

ಶೌಚಾಲಯದ ಪ್ರಶ್ನೆ

ಇಡೀ ಪಾಠದಲ್ಲಿ ಅತ್ಯಂತ ಮುಖ್ಯವಾದ, ಆದರೆ ಶಾಲೆಗಳಲ್ಲಿ ಯಾರೂ ಬಾಯಿಬಿಟ್ಟು ಮಾತನಾಡದ ಭಾಗವಿದು. ಕರುಳಿನ ಉರಿಯೂತವುಳ್ಳ ಮಕ್ಕಳು ಆಟದಿಂದ ದೂರವುಳಿಯಲು ನೋವಿಗಿಂತ ಭಯವೇ ಹೆಚ್ಚಿನ ಕಾರಣವಾಗಿರುತ್ತದೆ. ಮೈದಾನದ ಮಧ್ಯದಲ್ಲಿ ಅವಸರವಾದರೆ ಏನು ಗತಿ ಎಂಬ ಭಯವದು. ಗುದನಾಳ ಊದಿಕೊಂಡಿರುವಾಗ ಮಲವನ್ನು ತಡೆಹಿಡಿದಿಡುವ ಶಕ್ತಿ ಕುಗ್ಗುತ್ತದೆ. ಅವಸರ ಬಂದ ಮೇಲೆ ಒಂದೆರಡು ನಿಮಿಷ ಕಾಯುವುದೂ ಅಸಾಧ್ಯವಾಗಬಹುದು. ಇದು ಇಚ್ಛಾಶಕ್ತಿಯ ಕೊರತೆಯಲ್ಲ. ಓಟವು ತಾನಾಗಿಯೇ ಕರುಳಿನ ಚಲನೆಯನ್ನು ಹೆಚ್ಚಿಸುತ್ತದೆ. ಓಡುವಾಗ ರಕ್ತವು ಕರುಳಿನಿಂದ ಕಾಲಿನ ಸ್ನಾಯುಗಳ ಕಡೆಗೆ ಹರಿಯುತ್ತದೆ, ಕರುಳು ಕುಲುಕುತ್ತದೆ. ಆರೋಗ್ಯವಂತರಾದ ದೂರ ಓಟಗಾರರಿಗೂ ನಡುವೆ ಶೌಚದ ಅವಸರವಾಗುವುದುಂಟು. ಊಟದ ಬಳಿಕವೂ ದೊಡ್ಡಕರುಳು ಚುರುಕಾಗುವುದರಿಂದ ಮಧ್ಯಾಹ್ನದೂಟದ ಬೆನ್ನಿಗೇ ಬರುವ ಆಟದ ಅವಧಿ ಈ ಮಗುವಿಗೆ ಅತ್ಯಂತ ಕಷ್ಟದ್ದು. ವೇಳಾಪಟ್ಟಿ ರಚಿಸುವಾಗ ಆ ತರಗತಿಯ ಆಟದ ಅವಧಿಯನ್ನು ಬೆಳಗಿನ ಹೊತ್ತಿಗೆ ಅಥವಾ ಕೊನೆಯ ಅವಧಿಗೆ ಬದಲಿಸಿಕೊಡುವುದು ಮುಖ್ಯೋಪಾಧ್ಯಾಯರಿಗೆ ಅಸಾಧ್ಯವೇನಲ್ಲ.

ಅನುಮತಿ ಕೇಳದೆ ಶೌಚಾಲಯಕ್ಕೆ ಹೋಗುವ ಹಕ್ಕನ್ನು ಈ ವಿದ್ಯಾರ್ಥಿಗೆ ಮೊದಲೇ ಕೊಡಬೇಕು. ಎಲ್ಲ ಅಧ್ಯಾಪಕರಿಗೂ ಅದು ತಿಳಿದಿರಬೇಕು. ಹುಡುಗರಿಗೂ ಹುಡುಗಿಯರಿಗೂ ಪ್ರತ್ಯೇಕ ಶೌಚಾಲಯಗಳಿರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯಿದೆ ವಿಧಿಸಿದೆ. ಇರುವ ಶೌಚಾಲಯಕ್ಕೆ ಬೀಗ ಹಾಕಿ ಕೀಲಿಕೈಯನ್ನು ಸ್ಟಾಫ್ ರೂಮಿನಲ್ಲಿ ಇಟ್ಟುಕೊಳ್ಳುವ ಪದ್ಧತಿಯನ್ನು ಮಾತ್ರ ಯಾವ ಕಾಯಿದೆಯೂ ಹೇಳಿಲ್ಲ. ಮೈದಾನಕ್ಕೆ ಹತ್ತಿರವಿರುವ ಒಂದು ಶೌಚಾಲಯ ತೆರೆದಿರಲಿ, ಅದರಲ್ಲಿ ನೀರಿರಲಿ, ಒಳಗಿನ ಅಗಳಿ ಸರಿಯಿರಲಿ. ಒಂದು ಜೊತೆ ಬಟ್ಟೆಯನ್ನು ಚೀಲದಲ್ಲಿಟ್ಟು ಅಧ್ಯಾಪಿಕೆಯೊಬ್ಬರ ಬಳಿ ಇರಿಸಿಕೊಳ್ಳುವ ಏರ್ಪಾಡಾದರೆ ಮಗುವಿನ ಅರ್ಧ ಭಯ ಕಡಿಮೆಯಾಗುತ್ತದೆ. ಶಾಲೆಯ ಹೊರಗೆ ನಡಿಗೆ, ಪ್ರವಾಸ, ಕ್ರೀಡಾಕೂಟಗಳಿಗೆ ಹೋಗುವಾಗ ದಾರಿಯಲ್ಲಿ ಶೌಚಾಲಯ ಎಲ್ಲಿದೆಯೆಂದು ಮೊದಲೇ ತಿಳಿದು ಮಗುವಿಗೂ ತಿಳಿಸಿರಬೇಕು.

ಭಾಷೆಯ ತೊಡಕೊಂದನ್ನು ಇಲ್ಲಿಯೇ ಹೇಳಬೇಕು. ಕಾಸರಗೋಡು, ಮಂಜೇಶ್ವರ ಕಡೆಯ ಕನ್ನಡ ಶಾಲೆಗಳ ಮಕ್ಕಳ ಮನೆಮಾತು ತುಳು, ಕೊಂಕಣಿ, ಮರಾಟಿ, ಬ್ಯಾರಿ, ಹವ್ಯಕ ಕನ್ನಡ ಹೀಗೆ ಬಗೆಬಗೆಯದು. ಮಲ, ರಕ್ತ, ಅವಸರ ಇವುಗಳನ್ನು ಅಧ್ಯಾಪಕರೆದುರು ಹೇಳಲು ಶಿಷ್ಟವಾದ ಮಾತು ಮಗುವಿಗೆ ತೋಚುವುದಿಲ್ಲ. ಎಲ್ಲಕ್ಕೂ ಅದು "ಹೊಟ್ಟೆನೋವು" ಎಂಬ ಒಂದೇ ಪದವನ್ನು ಬಳಸುತ್ತದೆ. ಚಿಕಿತ್ಸೆ ಮಂಗಳೂರಿನ ಆಸ್ಪತ್ರೆಯಲ್ಲಿ, ವೈದ್ಯರ ದಾಖಲೆ ಇಂಗ್ಲಿಷಿನಲ್ಲಿ, ದೈಹಿಕ ಶಿಕ್ಷಣದ ಅಧ್ಯಾಪಕರು ಕೆಲವೊಮ್ಮೆ ಮಲಯಾಳವಷ್ಟೇ ಬಲ್ಲವರು. ಈ ನಡುವೆ ಮಾಹಿತಿ ಎಲ್ಲಿಯೋ ಸೋರಿಹೋಗಿ ಕೊನೆಗೆ "ಆಟ ಬೇಡ" ಎಂಬ ಎರಡು ಪದಗಳಷ್ಟೇ ಮೈದಾನವನ್ನು ತಲುಪುತ್ತವೆ. ಆದುದರಿಂದ ಕಾಯಿಲೆಯ ಹೆಸರು, ಔಷಧಗಳು, ಮಾಡಬಹುದಾದ ಮತ್ತು ಮಾಡಬಾರದ ಚಟುವಟಿಕೆಗಳು, ಅಪಾಯದ ಲಕ್ಷಣಗಳು, ರಕ್ಷಕರ ದೂರವಾಣಿ ಇಷ್ಟನ್ನು ಒಂದೇ ಪುಟದಲ್ಲಿ ಕನ್ನಡ ಮತ್ತು ಮಲಯಾಳಗಳೆರಡರಲ್ಲಿಯೂ ಬರೆದಿಡುವುದು ತರಗತಿ ಅಧ್ಯಾಪಕರ ಕರ್ತವ್ಯ. ಆ ಪುಟ ರಕ್ಷಕರ ಒಪ್ಪಿಗೆಯಿಂದ ಬೇಕಾದವರ ಕೈಯಲ್ಲಷ್ಟೇ ಇರಬೇಕು. ನೋಟೀಸು ಬೋರ್ಡಿನಲ್ಲಿ ಅಲ್ಲ.

ನೀರು, ಆಹಾರ, ಬಿಸಿಲು

ನೀರನ್ನು ಹೀರಿಕೊಳ್ಳುವುದು ದೊಡ್ಡಕರುಳಿನ ಮುಖ್ಯ ಕೆಲಸ. ಅಲ್ಲಿಯೇ ಹುಣ್ಣಾಗಿರುವ ಅಥವಾ ಆ ಭಾಗವನ್ನೇ ತೆಗೆಸಿಕೊಂಡಿರುವ ಮಗು ಬೇಗ ಬಾಡುತ್ತದೆ. ಕರಾವಳಿಯ ಮಾರ್ಚ್ ತಿಂಗಳ ಸೆಕೆಯಲ್ಲಿ ಬೆವರು ಧಾರಾಳವಾಗಿ ಹರಿಯುವಾಗ ಬರಿಯ ನೀರು ಸಾಲದೆ ಉಪ್ಪಿನಂಶವೂ ಬೇಕಾಗುತ್ತದೆ. ಓ.ಆರ್.ಎಸ್. ಪೊಟ್ಟಣವನ್ನು ಅದರ ಮೇಲೆ ಬರೆದಿರುವಷ್ಟೇ ನೀರಿನಲ್ಲಿ ಕಲಸಬೇಕು. ಪೊಟ್ಟಣವಿಲ್ಲದಾಗ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಸಮಮಟ್ಟದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಸೇರಿಸಬಹುದು. ಗಂಜಿತಿಳಿಗೆ ಉಪ್ಪು ಹಾಕಿ ಕುಡಿಯುವ ನಮ್ಮ ಹಿರಿಯರ ಕ್ರಮವೂ ಒಳ್ಳೆಯದೇ. ಬಾಟಲಿಯ ಸಿಹಿ ಪಾನೀಯಗಳು ಭೇದಿಯನ್ನು ಹೆಚ್ಚಿಸಬಹುದು. ಮೂತ್ರ ಕಡುಹಳದಿಯಾಗಿದ್ದರೆ ನೀರು ಸಾಕಾಗಿಲ್ಲವೆಂದು ಅರ್ಥ; ಇದನ್ನು ತಾನೇ ಗಮನಿಸುವಂತೆ ಮಗುವಿಗೆ ಕಲಿಸಬಹುದು.

ಆಹಾರದ ವಿಷಯದಲ್ಲಿ ಶಾಲೆ ಪಥ್ಯ ಹೇಳಹೋಗಬಾರದು. ಒಬ್ಬರಿಗೆ ಒಗ್ಗುವುದು ಇನ್ನೊಬ್ಬರಿಗೆ ಒಗ್ಗದು. ಭರ್ತಿ ಊಟ ಮಾಡಿದ ಮೇಲೆ ಎರಡು ಗಂಟೆಯಾದರೂ ಕಳೆದು ಆಟಕ್ಕಿಳಿಯಲಿ ಎಂದಷ್ಟೇ ಹೇಳಿದರೆ ಸಾಕು.

ಔಷಧಗಳು ಮತ್ತು ಗಾಯಗಳು

ಸ್ಟೀರಾಯ್ಡ್ ತೆಗೆದುಕೊಳ್ಳುವ ಮಗುವಿನ ಮುಖ ದುಂಡಗಾಗುತ್ತದೆ, ಮೈ ತುಂಬಿದಂತೆ ಕಾಣುತ್ತದೆ. "ಚೆನ್ನಾಗಿ ದಪ್ಪಗಾಗಿದ್ದೀಯಲ್ಲ, ಇನ್ನೇನು ಕಾಯಿಲೆ" ಎಂಬ ಹಾಸ್ಯ ಅಧ್ಯಾಪಕರ ಬಾಯಿಂದ ಬರಬಾರದು. ಈ ಔಷಧವನ್ನು ಒಮ್ಮೆಲೇ ನಿಲ್ಲಿಸುವುದು ಪ್ರಾಣಾಪಾಯಕ್ಕೆ ದಾರಿ. ದೀರ್ಘಕಾಲ ತೆಗೆದುಕೊಂಡವರು ವಾಂತಿಯಿಂದ ಮಾತ್ರೆ ನಿಲ್ಲದೆ ಸುಸ್ತಾಗಿ ಬಿದ್ದರೆ ಮನೆಗೆ ಕಳುಹಿಸದೆ ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು. ಅಜಾಥಯೋಪ್ರಿನ್ ತೆಗೆದುಕೊಳ್ಳುವವರ ಚರ್ಮ ಬಿಸಿಲಿಗೆ ಬೇಗ ಕೆಡುತ್ತದೆ. ಅವರಿಗೆ ಟೋಪಿ, ತುಂಬುತೋಳಿನ ಅಂಗಿ ಬೇಕು, ನೆರಳಿನ ಹೊತ್ತಿನ ಆಟವೇ ಲೇಸು. ಈ ಔಷಧವೂ ಇನ್‌ಫ್ಲಿಕ್ಸಿಮಾಬ್, ಅಡಾಲಿಮುಮಾಬ್ ಮೊದಲಾದ ಚುಚ್ಚುಮದ್ದುಗಳೂ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವುದರಿಂದ, ತರಗತಿಯಲ್ಲಿ ಯಾರಿಗಾದರೂ ಸೀತಾಳೆ (ಚಿಕನ್‌ಪಾಕ್ಸ್) ಅಥವಾ ದಡಾರ ಕಾಣಿಸಿಕೊಂಡರೆ ಆ ದಿನವೇ ರಕ್ಷಕರಿಗೆ ತಿಳಿಸಬೇಕು.

ಅಧ್ಯಾಪಕರು ಮುಖ್ಯವಾಗಿ ಗುರುತಿಟ್ಟುಕೊಳ್ಳಬೇಕಾದುದು ನೋವಿನ ಮಾತ್ರೆಯ ವಿಷಯ. ಆಟದಲ್ಲಿ ಕಾಲು ಉಳುಕಿದಾಗ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಿಂದಲೋ ಹತ್ತಿರದ ಅಂಗಡಿಯಿಂದಲೋ ತೆಗೆದುಕೊಡುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಜಾತಿಯ ಮಾತ್ರೆಗಳು ಈ ಕಾಯಿಲೆಯನ್ನು ಕೆರಳಿಸಬಲ್ಲವು. ಆಟದಿಂದಲ್ಲದೆ ಆಟದ ಬಳಿಕ ಕೊಟ್ಟ ಮಾತ್ರೆಯಿಂದ ಕೇಡಾಗಿ, ಅಪವಾದ ಮಾತ್ರ ಆಟಕ್ಕೆ ಬರುವ ಸಂದರ್ಭವಿದು. ತಣ್ಣೀರ ಪಟ್ಟಿ, ವಿಶ್ರಾಂತಿ, ಬೇಕಾದರೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಇಷ್ಟಕ್ಕೆ ನಿಲ್ಲಿಸಬೇಕು.

ಹೊಟ್ಟೆಯ ಶಸ್ತ್ರಚಿಕಿತ್ಸೆಯಾದ ಬಳಿಕ ಭಾರ ಎತ್ತುವ, ಹೊಟ್ಟೆಯ ಸ್ನಾಯು ಬಿಗಿಯುವ ಕೆಲಸಗಳನ್ನು ಸಾಮಾನ್ಯವಾಗಿ ಆರೆಂಟು ವಾರ ನಿಷೇಧಿಸುತ್ತಾರೆ. ನಡಿಗೆಯನ್ನು ಮಾತ್ರ ಬೇಗನೆ ಆರಂಭಿಸಲು ಹೇಳುತ್ತಾರೆ. ಹೊಟ್ಟೆಯ ಮೇಲೆ ದ್ವಾರ ಮಾಡಿ ಚೀಲ ಅಂಟಿಸಿರುವ, ಅಂದರೆ ಸ್ಟೋಮಾ ಇರುವ ಮಗುವೂ ಓಡಬಹುದು, ಈಜಬಹುದು. ಕಬಡ್ಡಿಯಂತಹ ಮೈಗೆ ಮೈ ತಾಗುವ ಆಟಗಳಿಗೆ ಶಸ್ತ್ರವೈದ್ಯರ ಒಪ್ಪಿಗೆಯೂ ರಕ್ಷಾಪಟ್ಟಿಯೂ ಬೇಕು.

ಈ ಕಾಯಿಲೆಯೊಡನೆ ಆಟದ ತುದಿಗೇರಿದವರ ಉದಾಹರಣೆಗಳನ್ನು ಮಕ್ಕಳು ಕೇಳಬಯಸುತ್ತಾರೆ. ಬ್ರಿಟನ್ನಿನ ದೋಣಿ ಸ್ಪರ್ಧಿ ಸ್ಟೀವ್ ರೆಡ್‌ಗ್ರೇವ್ ಅವರಿಗೆ 1992ರಲ್ಲಿ ಅಲ್ಸರೇಟಿವ್ ಕೊಲೈಟಿಸ್ ಇರುವುದು ತಿಳಿಯಿತು. 1984ರಿಂದ 2000ದವರೆಗೆ ಸತತ ಐದು ಒಲಿಂಪಿಕ್ಸ್‌ಗಳಲ್ಲಿ ಅವರು ಚಿನ್ನ ಗೆದ್ದರು. ಹದಿಹರೆಯದ ಆರಂಭದಲ್ಲಿಯೇ ಕ್ರೋನ್ಸ್ ಕಾಯಿಲೆಗೆ ತುತ್ತಾದ ಅಮೆರಿಕದ ಈಜುಗಾರ್ತಿ ಕ್ಯಾಥ್ಲೀನ್ ಬೇಕರ್ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಬ್ಯಾಕ್‌ಸ್ಟ್ರೋಕ್‌ನಲ್ಲಿ ಬೆಳ್ಳಿ ಪಡೆದರು. ಆದರೆ ಪಾಠಕ್ಕೆ ಹೆಚ್ಚು ಹೊಂದುವ ಉದಾಹರಣೆ ಸ್ಕಾಟ್ಲೆಂಡಿನ ಫುಟ್‌ಬಾಲ್ ಆಟಗಾರ ಡ್ಯಾರೆನ್ ಫ್ಲೆಚರ್ ಅವರದು. ಅಲ್ಸರೇಟಿವ್ ಕೊಲೈಟಿಸ್ ಉಲ್ಬಣಿಸಿ 2011ರ ಡಿಸೆಂಬರಿನಲ್ಲಿ ಅವರು ಆಟ ನಿಲ್ಲಿಸಿದರು. ಮರಳಿ ಬಂದು ಮತ್ತೆ ನಿಲ್ಲಿಸಿದರು. 2013ರ ಜನವರಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಅದೇ ವರ್ಷದ ಕೊನೆಗೆ ಮೈದಾನಕ್ಕೆ ಹಿಂತಿರುಗಿದರು. ನಿಲ್ಲಿಸುವುದೂ ಆಟಗಾರನ ಕೆಲಸದ ಭಾಗವೇ ಎಂಬುದು ಪದಕಗಳ ಕಥೆಗಿಂತ ಇಲ್ಲಿ ಚೆನ್ನಾಗಿ ತಿಳಿಯುತ್ತದೆ.

ಚರ್ಚೆಗೊಂದು ಸಂದರ್ಭ

(ಅಧ್ಯಾಪಕರ ಕ್ಲಸ್ಟರ್ ತರಬೇತಿಯಲ್ಲಿ ಗುಂಪು ಚರ್ಚೆಗಾಗಿ ಕಲ್ಪಿಸಿದ ಸಂದರ್ಭ ಇದು.)

ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಶಾಲೆಯ ಖೋ ಖೋ ತಂಡದಲ್ಲಿದ್ದಳು. ಕಳೆದ ವರ್ಷ ಅವಳಿಗೆ ಅಲ್ಸರೇಟಿವ್ ಕೊಲೈಟಿಸ್ ಎಂದು ತಿಳಿದುಬಂತು. ಎರಡು ತಿಂಗಳು ಶಾಲೆ ತಪ್ಪಿತು. ಈಗ ಐದು ತಿಂಗಳಿಂದ ಕಾಯಿಲೆ ಶಮನದಲ್ಲಿದೆ, ಸ್ಟೀರಾಯ್ಡ್ ನಿಂತಿದೆ. ವೈದ್ಯರು "ಕ್ರಮೇಣ ಎಲ್ಲ ಚಟುವಟಿಕೆ ಮಾಡಬಹುದು" ಎಂದು ಬರೆದಿದ್ದಾರೆ. ಉಪಜಿಲ್ಲಾ ಕ್ರೀಡಾಕೂಟಕ್ಕೆ ಎಂಟು ವಾರಗಳಿವೆ. ಅವಳು ತರಗತಿ ಅಧ್ಯಾಪಿಕೆಯ ಬಳಿಗೆ ಬರುತ್ತಾಳೆ.

"ಟೀಚರ್, ನನ್ನ ಹೆಸರು ತಂಡದಿಂದ ತೆಗೆದಿದ್ದಾರಂತೆ."

"ಡಾಕ್ಟ್ರ ಚೀಟಿ ಮಾಷ್ಟ್ರಿಗೆ ತೋರಿಸಿದ್ದೀಯಾ?"

"ತೋರಿಸಿದೆ. ಅಮ್ಮನನ್ನು ಕರ್ಕೊಂಡು ಬಾ ಅಂದ್ರು. ಅಮ್ಮ ಬೇಡ ಅಂತಾರೆ. ಓಡಿ ಪುನಃ ರಕ್ತ ಹೋದ್ರೆ ಏನು ಮಾಡ್ತಿ ಅಂತ ಕೇಳ್ತಾರೆ."

"ನಿನಗೇನನ್ನಿಸ್ತದೆ?"

"ರಕ್ತದ್ದು ಹೆದರಿಕೆ ಇಲ್ಲ ಟೀಚರ್. ಅಲ್ಲಿ ಶೌಚಾಲಯ ಎಲ್ಲಿರ್ತದೋ ಗೊತ್ತಿಲ್ಲ. ಅದೇ ಹೆದರಿಕೆ."

ಗುಂಪುಗಳು ಚರ್ಚಿಸಬೇಕಾದ ವಿಷಯಗಳು: ತಾಯಿಯ ಭಯಕ್ಕೆ ಅಧ್ಯಾಪಿಕೆ ಯಾವ ಮಾತುಗಳಲ್ಲಿ ಉತ್ತರಿಸಬೇಕು, ಯಾವ ಭರವಸೆಯನ್ನು ಕೊಡಬಾರದು? ಎಂಟು ವಾರಗಳ ಅಭ್ಯಾಸವನ್ನು ಹೇಗೆ ಹಂಚಬೇಕು? ಖೋ ಖೋದಲ್ಲಿ ಓಡುವವರು ಮೂವರ ತಂಡಗಳಾಗಿ ಒಳಗೆ ಬರುತ್ತಾರೆ, ಬೆನ್ನಟ್ಟುವ ತಂಡದ ಎಂಟು ಮಂದಿ ಕುಕ್ಕರಗಾಲಿನಲ್ಲಿ ಕುಳಿತಿರುತ್ತಾರೆ. ಅವಳಿಗೆ ಯಾವ ಸ್ಥಾನ ಹೊಂದುತ್ತದೆ, ಕುಕ್ಕರಗಾಲಿನಲ್ಲಿ ಕೂರುವುದು ಅವಳಿಗೆ ಕಷ್ಟವೇ ಎಂಬುದನ್ನು ಯಾರು ಕೇಳಬೇಕು? ಆಟದ ದಿನ ಬೆಳಿಗ್ಗೆ ಅವಳು ಎರಡು ಬೆರಳು ತೋರಿಸಿದರೆ ಬದಲಿ ಆಟಗಾರ್ತಿಯನ್ನು ಇಳಿಸುವ ತೀರ್ಮಾನವನ್ನು ಉಳಿದವರಿಗೆ ಹೇಗೆ ತಿಳಿಸಬೇಕು? ಪಂದ್ಯ ನಡೆಯುವ ಮೈದಾನದ ಶೌಚಾಲಯವನ್ನು ಮುಂಚಿತವಾಗಿ ನೋಡಿ ಬರುವವರು ಯಾರು?

ಚರ್ಚೆಯ ಬಳಿಕ ಪ್ರತಿ ಗುಂಪು ಈ ಹುಡುಗಿಗಾಗಿ ಒಂದು ಪುಟದ ತಿಳಿವಳಿಕೆ ಪತ್ರವನ್ನು ಕನ್ನಡ ಮತ್ತು ಮಲಯಾಳಗಳಲ್ಲಿ ಸಿದ್ಧಪಡಿಸಿ ಓದಬೇಕು. ಪತ್ರದ ಕೊನೆಯಲ್ಲಿ ತಾರೀಕು ಇರಲಿ. ಔಷಧ ಬದಲಾದಾಗಲೂ, ಪ್ರತಿ ಟರ್ಮಿನ ಆರಂಭದಲ್ಲಿಯೂ ಅದನ್ನು ಹೊಸದಾಗಿ ಬರೆಯಬೇಕಾಗುತ್ತದೆ.